ಸೈಕೆಡೆಲಿಕ್ ಮದ್ದು ಮತ್ತು ಮನಸ್ಸಿನ ಚಿಕಿತ್ಸೆ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ವಿಷಯ ತೆಗೆದರೆ ಸಾಕು, ಎರಡು ಬಗೆಯ ಮಾತು ಬರುತ್ತದೆ. "ಅದು ನಶೆ ಪದಾರ್ಥ ಅಲ್ವಾ, ಅದರಲ್ಲಿ ಎಂಥ ಚಿಕಿತ್ಸೆ?" ಅಂತ ಒಬ್ಬರು. "ಒಂದೇ ಸಲ ತಗೊಂಡರೆ ಖಿನ್ನತೆ ಪೂರ್ತಿ ಹೋಗುತ್ತಂತೆ, ಹೌದಾ?" ಅಂತ ಇನ್ನೊಬ್ಬರು. ಇವಕ್ಕೆ ಒಂದೇ ಸಾಲಿನ ಉತ್ತರ ಕೊಟ್ಟರೆ ಕೇಳಿದವರಿಗೆ ಅನ್ಯಾಯ. ಅದರಲ್ಲೂ ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದೆ, ಎಲ್ಲ ಮಾತ್ರೆಗಳನ್ನೂ ನೋಡಿ ಸೋತು ಕೇಳುವವರಿಗೆ. ಅದಕ್ಕೇ ನಿಧಾನವಾಗಿ, ಬಿಡಿಸಿ ಬರೆದಿದ್ದೇನೆ.

ಸೈಕೆಡೆಲಿಕ್ ಅಂದರೆ ಯಾವುದೆಲ್ಲ?

ಮುಖ್ಯವಾಗಿ ನಾಲ್ಕು. ಎಲ್‌ಎಸ್‌ಡಿ, ಕೆಲವು ಅಣಬೆಗಳಲ್ಲಿರುವ ಸೈಲೊಸೈಬಿನ್, ಪೆಯೋಟಿ ಅನ್ನುವ ಕಳ್ಳಿಯಲ್ಲಿರುವ ಮೆಸ್ಕಲಿನ್, ಅಯಾವಾಸ್ಕಾ ಕಷಾಯದಲ್ಲಿರುವ ಡಿಎಂಟಿ. ನಾಲ್ಕೂ ಮಿದುಳಿನಲ್ಲಿ ಹೆಚ್ಚುಕಡಿಮೆ ಒಂದೇ ಜಾಗ ಹಿಡಿಯುತ್ತವೆ. ಕಾಣುವುದು, ಕೇಳುವುದು, ಹೊತ್ತು ಸರಿಯುವುದು, "ನಾನು" ಅನ್ನುವ ಭಾವ, ಎಲ್ಲವೂ ಕೆಲವು ಗಂಟೆ ಬದಲಾಗುತ್ತದೆ. ಎಂಡಿಎಂಎ (ಬೀದಿಯಲ್ಲಿ ಎಕ್ಸ್ಟಸಿ ಅನ್ನುತ್ತಾರೆ) ಮತ್ತು ಅರಿವಳಿಕೆ ಮದ್ದಾದ ಕೆಟಮೈನ್ ಈ ಗುಂಪಿಗೆ ಸರಿಯಾಗಿ ಸೇರುವುದಿಲ್ಲ, ಅವು ಬೇರೆ ರೀತಿ ಕೆಲಸ ಮಾಡುತ್ತವೆ. ಆದರೆ ಚಿಕಿತ್ಸೆಯ ಮಾತು ಬಂದಾಗ ಜೊತೆಗೇ ಬರುವುದರಿಂದ ಇಲ್ಲೂ ಬರುತ್ತವೆ.

ಹೆಸರಿನ ಹಿಂದೆಯೇ ಒಂದು ಕಥೆ ಇದೆ. ಮೊದಲು ವೈದ್ಯರು ಇವನ್ನು "ಹುಚ್ಚನ್ನು ಅಣಕಿಸುವ ಮದ್ದು" ಅನ್ನುವ ಅರ್ಥದ ಹೆಸರಿನಿಂದ ಕರೆಯುತ್ತಿದ್ದರು. ಬ್ರಿಟಿಷ್ ಮನೋವೈದ್ಯ ಹಂಫ್ರಿ ಆಸ್ಮಂಡ್‌ಗೆ ಅದು ಸರಿ ಅನಿಸಲಿಲ್ಲ. ಇದನ್ನು ತಗೊಂಡವರು ಬರೀ ಹುಚ್ಚು ಕಂಡೆವು ಅನ್ನುತ್ತಿರಲಿಲ್ಲ, ತಮ್ಮನ್ನೇ ಕಂಡೆವು ಅನ್ನುತ್ತಿದ್ದರು. 1956ರಲ್ಲಿ ಅವರು ಲೇಖಕ ಆಲ್ಡಸ್ ಹಕ್ಸ್‌ಲಿಗೆ ಬರೆದ ಪತ್ರದಲ್ಲಿ ಗ್ರೀಕ್ ಪದಗಳನ್ನು ಜೋಡಿಸಿ ಹೊಸ ಹೆಸರಿಟ್ಟರು. ಸೈಕೆಡೆಲಿಕ್, ಅಂದರೆ ಮನಸ್ಸನ್ನು ತೆರೆದು ತೋರಿಸುವುದು.

ಎಲ್‌ಎಸ್‌ಡಿ ಕಂಡುಹಿಡಿದದ್ದು ಅಕಸ್ಮಾತ್ತಾಗಿಯಂತೆ, ನಿಜವಾ?

ಅರ್ಧ ನಿಜ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಸ್ಯಾಂಡೋಜ್ ಅನ್ನುವ ಔಷಧ ಕಂಪನಿ ಇತ್ತು. ಅಲ್ಲಿನ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್‌ಮನ್, ರೈ ಧಾನ್ಯದ ತೆನೆಗೆ ಹಿಡಿಯುವ ಎರ್ಗಾಟ್ ಅನ್ನುವ ಶಿಲೀಂಧ್ರದಿಂದ ಮದ್ದು ಮಾಡಲು ಹೊರಟಿದ್ದರು. ಅವರು ಹುಡುಕುತ್ತಿದ್ದದ್ದು ಉಸಿರಾಟಕ್ಕೆ, ರಕ್ತ ಸಂಚಾರಕ್ಕೆ ಬಲ ಕೊಡುವ ಮದ್ದು. 1938ರಲ್ಲಿ ಆ ಸಾಲಿನ 25ನೆಯದನ್ನು ತಯಾರಿಸಿದರು. ಪ್ರಾಣಿಗಳ ಮೇಲೆ ನೋಡಿದಾಗ ವಿಶೇಷ ಏನೂ ಕಾಣಲಿಲ್ಲ. ಪಕ್ಕಕ್ಕಿಟ್ಟರು.

ಐದು ವರ್ಷವಾದರೂ ಅದು ಅವರ ತಲೆಯಿಂದ ಹೋಗಲಿಲ್ಲ. 1943ರ ಏಪ್ರಿಲ್ 16ರಂದು ಮತ್ತೆ ತಯಾರಿಸುವಾಗ ಸ್ವಲ್ಪ ಹೇಗೋ ಮೈಗೆ ಸೇರಿತು. ತಲೆ ತಿರುಗಿದಂತಾಗಿ ಮನೆಗೆ ಹೋಗಿ ಮಲಗಿದರು. ಕಣ್ಣು ಮುಚ್ಚಿದರೆ ಬಣ್ಣ ಬಣ್ಣದ ಚಿತ್ರ. ಏನಿದು ನೋಡೇ ಬಿಡೋಣ ಅಂತ ಮೂರು ದಿನ ಬಿಟ್ಟು, ಏಪ್ರಿಲ್ 19ರಂದು ಬೇಕೆಂದೇ 250 ಮೈಕ್ರೋಗ್ರಾಂ ತಗೊಂಡರು. ಒಂದು ಗ್ರಾಂ ಅನ್ನು ನಾಲ್ಕು ಸಾವಿರ ಪಾಲು ಮಾಡಿದರೆ ಬರುವ ಒಂದು ಪಾಲು ಅದು. ಅಷ್ಟು ಚೂರಿಗೆ ಏನೂ ಆಗಲಿಕ್ಕಿಲ್ಲ ಅಂತ ಅವರ ಲೆಕ್ಕ. ನಿಜಕ್ಕೂ ಅದು ದೊಡ್ಡ ಡೋಸ್ ಆಗಿತ್ತು.

ಯುದ್ಧದ ಕಾಲ, ಕಾರು ಸಿಗುವುದು ಕಷ್ಟ. ಪ್ರಯೋಗಾಲಯದ ಸಹಾಯಕಿಯನ್ನು ಜೊತೆಗೆ ಕರೆದುಕೊಂಡು ಸೈಕಲ್ ಹತ್ತಿ ಮನೆಗೆ ಹೊರಟರು. ಸೈಕಲ್ ಇದ್ದಲ್ಲೇ ಇದೆ ಅಂತ ಅವರಿಗೆ. ಬಹಳ ಜೋರಾಗಿ ಬಂದೆವು ಅಂತ ಆಮೇಲೆ ಆಕೆ ಹೇಳಿದರು. ಮನೆ ಸೇರಿದ ಮೇಲೆ ಹಾಲು ತಂದುಕೊಟ್ಟ ಪಕ್ಕದ ಮನೆಯ ಹೆಂಗಸು ಬಣ್ಣದ ಮುಖವಾಡ ಹಾಕಿದ ಮಾಟಗಾತಿಯ ಹಾಗೆ ಕಂಡರು. ತನಗೆ ಹುಚ್ಚು ಹಿಡಿಯಿತು, ಇನ್ನು ಸತ್ತೇ ಹೋಗುತ್ತೇನೆ ಅನ್ನುವ ಭಯ. ವೈದ್ಯರು ಬಂದು ನಾಡಿ, ಉಸಿರು, ರಕ್ತದೊತ್ತಡ ನೋಡಿದರು. ಕಣ್ಣಿನ ಪಾಪೆ ಅಗಲವಾಗಿದ್ದು ಬಿಟ್ಟರೆ ಎಲ್ಲ ಸರಿಯಾಗಿತ್ತು. ನಿಧಾನಕ್ಕೆ ಭಯ ಇಳಿಯಿತು. ಆಮೇಲೆ ಅದೇ ಬಣ್ಣಗಳು ಚೆಂದ ಕಾಣತೊಡಗಿದವು. ಮರುದಿನ ಬೆಳಗಿನ ತಿಂಡಿ ಎಂದಿಲ್ಲದಷ್ಟು ರುಚಿಯಾಗಿತ್ತು, ತೋಟ ಆಗ ತಾನೇ ಹುಟ್ಟಿದ ಹಾಗಿತ್ತು ಅಂತ ಅವರೇ ಬರೆದುಕೊಂಡಿದ್ದಾರೆ.

ಈ ಪ್ರಸಂಗವನ್ನು ಎಷ್ಟು ಸಲ ಓದಿದರೂ ನನ್ನ ಕಣ್ಣು ನಿಲ್ಲುವುದು ಸೈಕಲ್ ಮೇಲಲ್ಲ, ಜೊತೆಗೆ ಬಂದ ಸಹಾಯಕಿ ಮತ್ತು ಮನೆಗೆ ಬಂದ ವೈದ್ಯರ ಮೇಲೆ. ಆ ಹೊತ್ತು ಅವರು ಒಬ್ಬರೇ ಇದ್ದಿದ್ದರೆ? ಮುಂದಿನ ಎಂಬತ್ತು ವರ್ಷದ ಕಥೆಯಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ.

ಅದಕ್ಕೂ ಮುಂಚೆ ಇವು ಯಾರಿಗೂ ಗೊತ್ತಿರಲಿಲ್ಲವಾ?

ಪ್ರಯೋಗಾಲಯಗಳಿಗೆ ಹೆಚ್ಚು ಗೊತ್ತಿರಲಿಲ್ಲ, ಅಷ್ಟೇ. ಅಮೆರಿಕ ಖಂಡಗಳ ಮೂಲನಿವಾಸಿಗಳು ಪೆಯೋಟಿ, ಅಣಬೆ, ಅಯಾವಾಸ್ಕಾಗಳನ್ನು ತುಂಬಾ ಕಾಲದಿಂದ ಪೂಜೆಯಲ್ಲೂ ರೋಗ ವಾಸಿ ಮಾಡುವುದರಲ್ಲೂ ಬಳಸುತ್ತಿದ್ದರು. ಸುಮ್ನೆ ತಿನ್ನುತ್ತಿರಲಿಲ್ಲ. ರಾತ್ರಿ, ಹಾಡು, ಹಿರಿಯರೊಬ್ಬರ ಕಾವಲು, ಎಲ್ಲಕ್ಕೂ ಕ್ರಮ ಇತ್ತು.

ಜರ್ಮನಿಯ ಆರ್ಥರ್ ಹೆಫ್ಟರ್ 1897ರಲ್ಲಿ ಪೆಯೋಟಿಯಿಂದ ಮೆಸ್ಕಲಿನ್ ಬೇರ್ಪಡಿಸಿದರು. 1955ರಲ್ಲಿ ಗಾರ್ಡನ್ ವಾಸನ್ ಅನ್ನುವ ಅಮೆರಿಕನ್ ಬ್ಯಾಂಕರ್ ಮೆಕ್ಸಿಕೊದ ಒಹಾಕಾ ಪ್ರಾಂತ್ಯದ ಬೆಟ್ಟದೂರಿಗೆ ಹೋದರು. ಅಲ್ಲಿ ಮರಿಯಾ ಸಬೀನಾ ಅನ್ನುವ ಮಸಾಟೆಕ್ ಮಹಿಳೆ ನಡೆಸಿದ ಅಣಬೆಯ ಆಚರಣೆಯಲ್ಲಿ ಕೂತು ಬಂದರು. 1957ರಲ್ಲಿ ಲೈಫ್ ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದರು. ಮರುವರ್ಷ ಅದೇ ಹಾಫ್‌ಮನ್ ಆ ಅಣಬೆಯಿಂದ ಸೈಲೊಸೈಬಿನ್ ಬೇರ್ಪಡಿಸಿದರು. ಇವತ್ತು ಖಿನ್ನತೆಗೆ ಪರೀಕ್ಷೆ ಮಾಡುತ್ತಿರುವುದು ಅದನ್ನೇ.

ಮರಿಯಾ ಸಬೀನಾಗೆ ಇದರಿಂದ ಸಿಕ್ಕಿದ್ದೇನು? ಅಣಬೆ ಹುಡುಕಿಕೊಂಡು ಹೊರಗಿನವರ ದಂಡೇ ಊರಿಗೆ ಬಂತು. ಪೊಲೀಸರು ಬಂದರು. ಊರವರು ಆಕೆಯನ್ನೇ ದೂರಿದರು, ಮನೆಗೆ ಬೆಂಕಿ ಬಿತ್ತು. ಬಡತನದಲ್ಲೇ ಆಕೆ ತೀರಿಕೊಂಡರು. ಈ ಸಾಲ ಇನ್ನೂ ತೀರಿಲ್ಲ. ಹೊಸ ಚಿಕಿತ್ಸೆಯ ಬಗ್ಗೆ ಮಾತಾಡುವಾಗ ಆಕೆಯ ಹೆಸರು ಬಿಟ್ಟುಬಿಡುವುದು ನನಗೆ ಸರಿ ಕಾಣುವುದಿಲ್ಲ.

1950ರ ಸುಮಾರಿಗೆ ವೈದ್ಯರು ಇವನ್ನು ಯಾವುದಕ್ಕೆ ಬಳಸುತ್ತಿದ್ದರು?

ಸ್ಯಾಂಡೋಜ್ ಕಂಪನಿ 1947ರಲ್ಲಿ ಎಲ್‌ಎಸ್‌ಡಿಯನ್ನು ಡೆಲಿಸಿಡ್ ಅನ್ನುವ ಹೆಸರಿನಲ್ಲಿ ಹೊರತಂದಿತು. ಜೊತೆಯ ಸೂಚನೆಯಲ್ಲಿ ಎರಡು ಉಪಯೋಗ ಬರೆದಿತ್ತು. ಒಂದು, ಮಾತಿನ ಚಿಕಿತ್ಸೆಯಲ್ಲಿ ಒಳಗೆ ಅದುಮಿಟ್ಟಿದ್ದು ಹೊರಗೆ ಬರಲು. ಎರಡು, ಮನೋವೈದ್ಯರು ತಾವೇ ತಗೊಂಡು ತಮ್ಮ ರೋಗಿಗಳಿಗೆ ಒಳಗೆ ಹೇಗಿರುತ್ತದೆ ಅಂತ ತಿಳಿಯಲು. ವೈದ್ಯರೇ ಒಂದು ಸಲ ರೋಗಿಯ ಜಾಗದಲ್ಲಿ ಕೂತು ನೋಡಲಿ ಅಂತ ಔಷಧ ಕಂಪನಿಯೇ ಹೇಳಿದ ಕಾಲ ಅದು!

ಇದರಿಂದ ಆದ ಒಂದು ಒಳ್ಳೆಯ ಕೆಲಸ ಹೇಳಲೇಬೇಕು. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ವೇಬರ್ನ್‌ನಲ್ಲಿ ಆಸ್ಮಂಡ್ ಕೆಲಸ ಮಾಡುತ್ತಿದ್ದ ದೊಡ್ಡ ಮಾನಸಿಕ ಆಸ್ಪತ್ರೆ ಇತ್ತು. ಆಸ್ಪತ್ರೆ ಕಟ್ಟಡಗಳ ಬಗ್ಗೆ ಯೋಚಿಸುತ್ತಿದ್ದ ವಾಸ್ತುಶಿಲ್ಪಿ ಕಿಯೋಶಿ ಇಝುಮಿ, ಎಲ್‌ಎಸ್‌ಡಿ ತಗೊಂಡು ಅಲ್ಲಿ ಓಡಾಡಿ ನೋಡಿದರು. ಮಾಮೂಲಿ ಕಣ್ಣಿಗೆ ಸರಿಯಾಗಿಯೇ ಇದ್ದ ಜಾಗ ಈಗ ಬೇರೆಯಾಗಿ ಕಂಡಿತು. ಉದ್ದನೆಯ ಕಾರಿಡಾರ್‌ಗಳು ಮುಗಿಯುವುದೇ ಇಲ್ಲ ಅನಿಸಿತು. ಟೈಲ್ಸ್ ಹೊಳಪು ಕಣ್ಣು ಕುಕ್ಕಿತು. ಬಾಗಿಲಿಲ್ಲದ ಕತ್ತಲೆ ಬೀರುಗಳು ಹೆದರಿಸಿದವು. ಮೊದಲೇ ನೊಂದವರನ್ನು ಇಂಥಲ್ಲಿ ಇಟ್ಟರೆ ಹೇಗೆ ವಾಸಿಯಾಗುತ್ತಾರೆ ಅನ್ನುವುದು ಅವರಿಗೆ ಅನುಭವಕ್ಕೇ ಬಂತು. ಮುಂದೆ ಅವರು ಆಸ್ಪತ್ರೆಯ ನಕ್ಷೆ ಬರೆದಾಗ ಚಿಕ್ಕ ಕೋಣೆ, ಖಾಸಗಿ ಜಾಗ, ಗಿಡ್ಡ ಕಾರಿಡಾರ್‌ಗಳಿಗೆ ಒತ್ತು ಕೊಟ್ಟರು.

ಚಿಕಿತ್ಸೆಯಲ್ಲಿ ಎರಡು ದಾರಿ ಬೆಳೆದವು. ಯೂರೋಪಿನಲ್ಲಿ ಚಿಕ್ಕ ಡೋಸ್ ಕೊಟ್ಟು, ವಾರಗಟ್ಟಲೆ ಮಾತಿನ ಚಿಕಿತ್ಸೆಯ ಜೊತೆ ಮುಂದುವರಿಸುವುದು. ಇಂಗ್ಲೆಂಡಿನ ಪೊವಿಕ್ ಆಸ್ಪತ್ರೆಯಲ್ಲಿ ರೊನಾಲ್ಡ್ ಸ್ಯಾಂಡಿಸನ್ ಇದನ್ನು ನಡೆಸಿದರು. ಉತ್ತರ ಅಮೆರಿಕದಲ್ಲಿ ಒಂದೋ ಎರಡೋ ಸಲ ದೊಡ್ಡ ಡೋಸ್. ಆಸ್ಮಂಡ್ ಮತ್ತು ಅಬ್ರಾಂ ಹಾಫರ್ ಇದನ್ನು ಕುಡಿತದ ಚಟಕ್ಕೆ ಕೊಟ್ಟರು. ಅವರು ಶುರು ಮಾಡಿದ್ದು ಹೆದರಿಸಿ ಬಿಡಿಸೋಣ ಅನ್ನುವ ಯೋಚನೆಯಿಂದ. ಕುಡಿತ ಬಿಟ್ಟಾಗ ಕೆಲವರಿಗೆ ನಡುಕ, ಭ್ರಮೆ ಬರುತ್ತದಲ್ಲ, ಅದರ ರುಚಿ ತೋರಿಸಿದರೆ ಬಾಟಲಿ ಮುಟ್ಟಲಿಕ್ಕಿಲ್ಲ ಅಂತ. ಆದದ್ದೇ ಬೇರೆ. ಹೆದರಿದವರಿಗಿಂತ, ಮನಸ್ಸು ಹಗುರವಾಗಿ ತಮ್ಮ ಬದುಕನ್ನು ದೂರದಿಂದ ನೋಡಿದವರೇ ಕುಡಿತ ಬಿಡುತ್ತಿದ್ದರು. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘದ ಸ್ಥಾಪಕರಲ್ಲಿ ಒಬ್ಬರಾದ ಬಿಲ್ ವಿಲ್ಸನ್ ಕೂಡ 1956ರಲ್ಲಿ ಎಲ್‌ಎಸ್‌ಡಿ ತಗೊಂಡು, ಇದರಲ್ಲಿ ಏನೋ ಇದೆ ಅಂತ ನಂಬಿದ್ದರು.

1960ರ ದಶಕದ ನಡುವಿನ ಹೊತ್ತಿಗೆ ಸಾವಿರಕ್ಕೂ ಜಾಸ್ತಿ ವೈದ್ಯಕೀಯ ಲೇಖನಗಳು ಬಂದಿದ್ದವು. ಸುಮಾರು 40,000 ರೋಗಿಗಳ ಮಾತು ಅದು. ಆದರೆ ಅವುಗಳಲ್ಲಿ ಹೆಚ್ಚಿನವು ಇವತ್ತಿನ ಅಳತೆಗೆ ನಿಲ್ಲುವುದಿಲ್ಲ. ಹೋಲಿಸಲು ಇನ್ನೊಂದು ಗುಂಪಿಲ್ಲ, ಆಮೇಲೆ ರೋಗಿ ಏನಾದರು ಅನ್ನುವ ಲೆಕ್ಕ ಅರ್ಧಂಬರ್ಧ. ಸ್ವಲ್ಪ ಸರಿಯಾಗಿ ನಡೆದ ಆರು ಕುಡಿತದ ಪ್ರಯೋಗಗಳನ್ನು, ಒಟ್ಟು 536 ಜನರದ್ದು, 2012ರಲ್ಲಿ ಒಟ್ಟಿಗೆ ಸೇರಿಸಿ ನೋಡಿದರು. ಎಲ್‌ಎಸ್‌ಡಿ ತಗೊಂಡವರಲ್ಲಿ ಕುಡಿತ ಕಡಿಮೆಯಾದದ್ದು ನಿಜವಾಗಿ ಕಂಡಿತು. ಆದರೆ ತಿಂಗಳು ಕಳೆದ ಹಾಗೆ ವ್ಯತ್ಯಾಸವೂ ಕರಗಿತ್ತು.

ಇದರಿಂದ ಮನೋವೈದ್ಯಕ್ಕೆ ಬೇರೆ ಏನಾದರೂ ಸಿಕ್ಕಿತಾ?

ಸಿಕ್ಕಿತು. ಮನಸ್ಸಿನ ಕಾಯಿಲೆಗೂ ಮಿದುಳಿನ ರಸಾಯನಕ್ಕೂ ನೇರ ಸಂಬಂಧ ಇರಬಹುದು ಅನ್ನುವ ಯೋಚನೆ ಆಗ ಇನ್ನೂ ಎಳೆಯದು. ಇಷ್ಟು ಚೂರು ಪದಾರ್ಥ ಒಬ್ಬ ಆರೋಗ್ಯವಂತನ ಲೋಕವನ್ನೇ ತಲೆಕೆಳಗು ಮಾಡುತ್ತದೆ ಅಂದಾಗ ಎಲ್ಲರೂ ಆ ಕಡೆ ತಿರುಗಿದರು. 1953ರಲ್ಲಿ ಬೆಟ್ಟಿ ಟ್ವಾರೊಗ್ ಮತ್ತು ಇರ್ವಿನ್ ಪೇಜ್, ಮಿದುಳಿನಲ್ಲಿ ಸೆರೊಟೋನಿನ್ (ನರಕೋಶಗಳ ನಡುವೆ ಸುದ್ದಿ ಒಯ್ಯುವ ರಾಸಾಯನಿಕ) ಇದೆ ಅಂತ ತೋರಿಸಿದ್ದರು. ಎಲ್‌ಎಸ್‌ಡಿಗೂ ಸೆರೊಟೋನಿನ್‌ಗೂ ಇರುವ ಹೋಲಿಕೆ ಹಿಡಿದು, ಮರುವರ್ಷವೇ ಮನೋರೋಗಕ್ಕೂ ಸೆರೊಟೋನಿನ್‌ಗೂ ನಂಟು ಇರಬಹುದು ಅನ್ನುವ ಮಾತು ಬಂತು. ಇವತ್ತು ಕೋಟಿಗಟ್ಟಲೆ ಜನ ನುಂಗುವ ಖಿನ್ನತೆಯ ಮಾತ್ರೆಗಳ ಹಿಂದೆ ಈ ಎಳೆಯೂ ಇದೆ.

ಮತ್ತೆ ಎಲ್ಲ ನಿಂತದ್ದು ಯಾಕೆ? ಹಿಪ್ಪಿಗಳಿಂದಲಾ?

ಹಿಪ್ಪಿಗಳ ತಲೆಗೆ ಕಟ್ಟುವುದು ಸುಲಭ. ಹಾರ್ವರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಟಿಮತಿ ಲಿಯರಿ 1960ರಲ್ಲಿ ಸೈಲೊಸೈಬಿನ್ ಸಂಶೋಧನೆ ಶುರು ಮಾಡಿ, ನಿಧಾನಕ್ಕೆ ವಿಜ್ಞಾನ ಬಿಟ್ಟು ಪ್ರಚಾರಕ್ಕೆ ಇಳಿದರು. 1963ರಲ್ಲಿ ಕೆಲಸ ಹೋಯಿತು. ಎಲ್‌ಎಸ್‌ಡಿ ಬೀದಿಗೆ ಬಂತು, ಪತ್ರಿಕೆಗಳಲ್ಲಿ ಗಾಬರಿ ಹುಟ್ಟಿಸುವ ಸುದ್ದಿ ತುಂಬಿತು. ಇದೆಲ್ಲ ನಿಜ.

ಆದರೆ ಇನ್ನೊಂದು ಕಾರಣವನ್ನು ಜನ ಮರೆಯುತ್ತಾರೆ. ಬಸುರಿಯರು ನುಂಗಿದ ಥಾಲಿಡೊಮೈಡ್ ಮಾತ್ರೆಯಿಂದ ಸಾವಿರಾರು ಮಕ್ಕಳು ಕೈಕಾಲು ಸರಿಯಾಗಿ ಬೆಳೆಯದೆ ಹುಟ್ಟಿದ ಮೇಲೆ, 1962ರಲ್ಲಿ ಅಮೆರಿಕ ಔಷಧ ಕಾನೂನನ್ನು ಬಿಗಿ ಮಾಡಿತು. ಮದ್ದು ಕೆಲಸ ಮಾಡುತ್ತದೆ ಅಂತ ಸರಿಯಾದ ಪ್ರಯೋಗದಿಂದ ತೋರಿಸಲೇಬೇಕಾಯಿತು. ಸೈಕೆಡೆಲಿಕ್ ಚಿಕಿತ್ಸೆಯನ್ನು ಆ ಚೌಕಟ್ಟಿಗೆ ಕೂರಿಸುವುದು ಆಗಲೂ ಕಷ್ಟ, ಈಗಲೂ ಕಷ್ಟ. 1965ರಲ್ಲಿ ಸ್ಯಾಂಡೋಜ್ ಕೈಬಿಟ್ಟಿತು. 1970ರ ಅಮೆರಿಕದ ಕಾನೂನು ಇವನ್ನು "ವೈದ್ಯಕೀಯ ಉಪಯೋಗ ಇಲ್ಲ" ಅನ್ನುವ ಪಟ್ಟಿಗೆ ಹಾಕಿತು. 1971ರ ವಿಶ್ವಸಂಸ್ಥೆಯ ಒಪ್ಪಂದ ಅದನ್ನೇ ಲೋಕಕ್ಕೆಲ್ಲ ಹರಡಿತು. ಕೆಲವು ಕಡೆ ಮಿಣುಕು ದೀಪದ ಹಾಗೆ ಉಳಿದದ್ದು ಬಿಟ್ಟರೆ, ಹತ್ತಿರ ಹತ್ತಿರ ಇಪ್ಪತ್ತು ವರ್ಷ ಸಂಶೋಧನೆಯೇ ಇಲ್ಲ.

ಅಮೆರಿಕದ ಗೂಢಚಾರರು ಜನರಿಗೆ ಗೊತ್ತಿಲ್ಲದೆ ಎಲ್‌ಎಸ್‌ಡಿ ಕೊಟ್ಟರು ಅನ್ನುವುದು ಕಟ್ಟುಕಥೆಯಾ?

ಅಲ್ಲ. ಸಿಐಎ 1953ರಲ್ಲಿ ಎಂಕೆ ಅಲ್ಟ್ರಾ ಅನ್ನುವ ಗುಪ್ತ ಯೋಜನೆ ಶುರು ಮಾಡಿತು. ಮನಸ್ಸನ್ನು ಹಿಡಿತಕ್ಕೆ ತಗೊಂಡು ಬಾಯಿ ಬಿಡಿಸುವ ದಾರಿ ಹುಡುಕುವುದು ಉದ್ದೇಶ. ಅದೇ ವರ್ಷ ಸೇನೆಯ ವಿಜ್ಞಾನಿ ಫ್ರಾಂಕ್ ಓಲ್ಸನ್‌ಗೆ ಗೊತ್ತಾಗದ ಹಾಗೆ ಪಾನೀಯದಲ್ಲಿ ಬೆರೆಸಿ ಕೊಟ್ಟರು. ಕೆಲವೇ ದಿನದಲ್ಲಿ ಅವರು ಹೋಟೆಲ್ ಕಿಟಕಿಯಿಂದ ಬಿದ್ದು ಸತ್ತರು. ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ಚಟ ಬಿಡಿಸುವ ಆಸ್ಪತ್ರೆಯಲ್ಲಿದ್ದ ಕೈದಿಗಳಲ್ಲಿ ಕೆಲವರಿಗೆ 77 ದಿನ ಎಡೆಬಿಡದೆ ಎಲ್‌ಎಸ್‌ಡಿ ಕೊಟ್ಟರು. ಅವರಲ್ಲಿ ಹೆಚ್ಚಿನವರು ಕಪ್ಪು ಜನ. 1973ರಲ್ಲಿ ಕಡತಗಳನ್ನು ಸುಡಿಸಿದರು. 1975ರ ಸೆನೆಟ್ ತನಿಖೆಯಲ್ಲಿ ಅಳಿದುಳಿದದ್ದು ಹೊರಬಂತು.

ಇದನ್ನು ಓದುವಾಗ ಹೊಟ್ಟೆ ಉರಿಯುತ್ತದೆ. ಇಲ್ಲಿ ಬಿಳಿ ಕೋಟು ಹಾಕಿದ ವೈದ್ಯರೂ ಇದ್ದರು. ಅದೇ ಪದಾರ್ಥ, ಅದೇ ವರ್ಷಗಳು. ಒಂದು ಕಡೆ ಕೈ ಹಿಡಿದು ಕೂತವರು, ಇನ್ನೊಂದು ಕಡೆ ಬಾಗಿಲು ಹಾಕಿ ಟಿಪ್ಪಣಿ ಬರೆದವರು.

ಮತ್ತೆ ಶುರುವಾದದ್ದು ಯಾವಾಗ?

1990ರಲ್ಲಿ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ರಿಕ್ ಸ್ಟ್ರಾಸ್‌ಮನ್ ಡಿಎಂಟಿ ಮೇಲೆ ಅನುಮತಿ ಪಡೆದು ಕೆಲಸ ಶುರು ಮಾಡಿದರು. ಜನರ ಗಮನ ತಿರುಗಿದ್ದು 2006ರಲ್ಲಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ರೋಲಂಡ್ ಗ್ರಿಫಿತ್ಸ್, ಅಷ್ಟು ಹೊತ್ತಿಗೆ ಕಾಫಿಯ ಕೆಫೀನ್ ಬಗ್ಗೆ ಹೆಸರು ಮಾಡಿದ್ದ ಗಟ್ಟಿ ವಿಜ್ಞಾನಿ, 36 ಆರೋಗ್ಯವಂತರಿಗೆ ಸೈಲೊಸೈಬಿನ್ ಕೊಟ್ಟರು. ಮೂರರಲ್ಲಿ ಎರಡು ಪಾಲು ಜನ, ಇದು ನನ್ನ ಬದುಕಿನ ಅತಿ ಅರ್ಥಪೂರ್ಣವಾದ ಐದು ಅನುಭವಗಳಲ್ಲಿ ಒಂದು ಅಂದರು. ಅದೇ 36 ಜನರಲ್ಲಿ 11 ಮಂದಿಗೆ ನಡುವೆ ವಿಪರೀತ ಭಯವೂ ಆಗಿತ್ತು. ಮೊದಲ ಮಾತನ್ನು ಎಲ್ಲರೂ ಎತ್ತಿ ಆಡುತ್ತಾರೆ, ಎರಡನೆಯದನ್ನು ಬಿಟ್ಟುಬಿಡುತ್ತಾರೆ.

ಚಿಕಿತ್ಸೆ ಅಂದರೆ ಅಲ್ಲಿ ನಿಜವಾಗಿ ಏನು ಮಾಡುತ್ತಾರೆ?

ಮಾತ್ರೆ ಚೀಟಿ ಬರೆದು ಕಳಿಸುವುದಲ್ಲ. ಮೊದಲು ಕೆಲವು ದಿನ ಬರೀ ಮಾತು. ನಿಮ್ಮ ಕಥೆ ಏನು, ಯಾವುದಕ್ಕೆ ಹೆದರುತ್ತೀರಿ, ಮನೆಯಲ್ಲಿ ಯಾರಿಗಾದರೂ ಮನೋರೋಗ ಇತ್ತಾ, ಹೃದಯ ಹೇಗಿದೆ. ಆ ದಿನ ನಿಮ್ಮ ಜೊತೆ ಕೂರುವವರ ಪರಿಚಯ ಆಗಿರಬೇಕು, ಮುಖ ಕಂಡರೆ ಧೈರ್ಯ ಬರುವಷ್ಟು.

ಆ ದಿನ ಕೋಣೆ ಆಸ್ಪತ್ರೆಯ ಹಾಗಿರುವುದಿಲ್ಲ. ಸೋಫಾ, ಹೊದಿಕೆ, ಮಂದ ಬೆಳಕು. ಸೈಲೊಸೈಬಿನ್ ಆದರೆ ಸಾಮಾನ್ಯವಾಗಿ 25 ಮಿಲಿಗ್ರಾಂ, ಒಂದು ಲೋಟ ನೀರಿನ ಜೊತೆ. ಕಣ್ಣಿಗೆ ಪಟ್ಟಿ, ಕಿವಿಗೆ ಸಂಗೀತ. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಶುರುವಾಗುತ್ತದೆ, ನಾಲ್ಕರಿಂದ ಆರು ಗಂಟೆ ಇರುತ್ತದೆ. ಜೊತೆಗಿದ್ದವರು ಜಾಸ್ತಿ ಮಾತಾಡುವುದಿಲ್ಲ. ಆಗಾಗ ರಕ್ತದೊತ್ತಡ ನೋಡುತ್ತಾರೆ. ಅಳು ಬಂದರೆ ಅಳಲು ಬಿಡುತ್ತಾರೆ. ಭಯವಾಗಿ ಕೈ ಚಾಚಿದರೆ ಹಿಡಿದುಕೊಳ್ಳುತ್ತಾರೆ, ಅದೂ ಮೊದಲೇ ಮಾತಾಡಿ ಒಪ್ಪಿದ್ದರೆ ಮಾತ್ರ. ಹೆದರಿಕೆ ಹುಟ್ಟಿಸುವುದು ಏನಾದರೂ ಎದುರು ಬಂದರೆ ಓಡಬೇಡಿ, ಅದರ ಕಡೆಗೇ ನೋಡಿ ಅಂತ ಮುಂಚೆಯೇ ಹೇಳಿಕೊಟ್ಟಿರುತ್ತಾರೆ.

ಮರುದಿನದಿಂದ ಮತ್ತೆ ಮಾತು. ಕಂಡದ್ದೇನು, ಅದಕ್ಕೂ ನಿನ್ನೆಯವರೆಗಿನ ಬದುಕಿಗೂ ಏನು ಸಂಬಂಧ, ನಾಳೆ ಏನು ಬದಲಾಯಿಸುತ್ತೀರಿ. ನನ್ನ ಮಟ್ಟಿಗೆ ಇದೇ ಚಿಕಿತ್ಸೆಯ ಜೀವ. ಮದ್ದು ಬಾಗಿಲು ತೆರೆಯುತ್ತದೆ. ಒಳಗೆ ಕಂಡದ್ದನ್ನು ಮನೆಗೆ ತಂದು ಜೋಡಿಸುವ ಕೆಲಸ ಮನುಷ್ಯರೇ ಮಾಡಬೇಕು. ಹಾಗಾಗಿಯೇ ಇದು ದುಬಾರಿ. ಒಬ್ಬ ರೋಗಿಗೆ ತರಬೇತಾದ ಇಬ್ಬರು ಇಡೀ ದಿನ ಕೂರಬೇಕು. ಖರ್ಚು ಉಳಿಸಲು ಈ ಕೂರುವಿಕೆಯನ್ನೇ ಮೊಟಕು ಮಾಡಲು ಹೊರಟವರು ಈಗಲೇ ಇದ್ದಾರೆ. ನನಗೆ ಜಾಸ್ತಿ ಚಿಂತೆ ಇರುವುದು ಅದರದ್ದೇ.

ಮಿದುಳಿನಲ್ಲಿ ಏನಾಗುತ್ತದೆ?

ಮಿದುಳಿನ ಕೋಶಗಳ ಮೇಲೆ ಸೆರೊಟೋನಿನ್‌ಗೆ ಅಂತ ಬೀಗಗಳಿವೆ ಅಂದುಕೊಳ್ಳಿ. ಅದರಲ್ಲಿ 5ಎಚ್‌ಟಿ2ಎ ಅನ್ನುವ ಒಂದಕ್ಕೆ ಈ ಮದ್ದುಗಳು ಕೀಲಿಯ ಹಾಗೆ ಕೂರುತ್ತವೆ. ಜೂರಿಕ್‌ನ ಫ್ರಾಂಜ್ ಫೊಲೆನ್‌ವೈಡರ್ 1998ರಲ್ಲಿ ಇದನ್ನು ಜನರ ಮೇಲೇ ತೋರಿಸಿದರು. ಆ ಬೀಗವನ್ನು ಮೊದಲೇ ಬೇರೆ ಮದ್ದಿನಿಂದ ಮುಚ್ಚಿದರೆ, ಸೈಲೊಸೈಬಿನ್ ಕೊಟ್ಟರೂ ಅನುಭವ ಬರಲಿಲ್ಲ. ಎಲ್‌ಎಸ್‌ಡಿ ಹತ್ತು ಹನ್ನೆರಡು ಗಂಟೆ ಯಾಕೆ ಇರುತ್ತದೆ ಅನ್ನುವುದಕ್ಕೂ 2017ರಲ್ಲಿ ಒಂದು ಚೆಂದದ ಉತ್ತರ ಸಿಕ್ಕಿತು. ಇದೇ ಕುಟುಂಬದ ಇನ್ನೊಂದು ಬೀಗದಲ್ಲಿ ಅದು ಕೂತಿರುವ ರೂಪವನ್ನು ತೆಗೆದು ನೋಡಿದಾಗ, ಒಳಗೆ ಹೋದ ಮೇಲೆ ಬೀಗದ ಒಂದು ಭಾಗ ಮುಚ್ಚಳದ ಹಾಗೆ ಮುಚ್ಚಿಕೊಳ್ಳುವುದು ಕಂಡಿತು. ಬೇಗ ಹೊರಬರಲು ದಾರಿಯೇ ಇಲ್ಲ.

ಸುಮ್ನೆ ಕೂತಾಗ ನಮ್ಮ ಬಗ್ಗೆಯೇ ಯೋಚಿಸುತ್ತಿರುತ್ತೇವಲ್ಲ, ಆಗ ಒಟ್ಟಿಗೆ ಕೆಲಸ ಮಾಡುವ ಮಿದುಳಿನ ಭಾಗಗಳಿವೆ. ಸೈಲೊಸೈಬಿನ್ ಕೊಟ್ಟು ಸ್ಕ್ಯಾನ್ ಮಾಡಿದಾಗ ಅವುಗಳ ನಡುವಿನ ಬಿಗಿ ಸಡಿಲವಾಗಿದ್ದು ಕಂಡಿತು. ಖಿನ್ನತೆ ಇರುವವರ ತಲೆಯಲ್ಲಿ "ನಾನು ಕೆಲಸಕ್ಕೆ ಬಾರದವನು" ಅನ್ನುವ ಒಂದೇ ಮಾತು ಗಾಣದ ಎತ್ತಿನ ಹಾಗೆ ಸುತ್ತುತ್ತಿರುತ್ತದೆ. ಆ ಸುತ್ತು ಸ್ವಲ್ಪ ಹೊತ್ತು ನಿಂತರೆ ಬೇರೆ ದಾರಿ ಕಾಣಬಹುದು ಅನ್ನುವುದು ಈಗಿನ ತರ್ಕ. ಪ್ರಾಣಿಗಳಲ್ಲಿ ನರಕೋಶಗಳು ಹೊಸ ಕೊಂಬೆ ಚಾಚುವುದನ್ನೂ ನೋಡಿದ್ದಾರೆ. ವಾಸಿಯಾಗುವುದು ಇವುಗಳಿಂದಲೇ ಅಂತ ಇನ್ನೂ ಸಾಬೀತಾಗಿಲ್ಲ.

ಯಾವ ಕಾಯಿಲೆಗೆ ಎಷ್ಟು ಪುರಾವೆ ಇದೆ?

ನನ್ನ ಮನಸ್ಸಿಗೆ ಜಾಸ್ತಿ ಹತ್ತಿರವಾದದ್ದು ಕ್ಯಾನ್ಸರ್ ರೋಗಿಗಳ ಅಧ್ಯಯನ. ಸಾವಿನ ಭಯ, ಖಿನ್ನತೆಯಲ್ಲಿ ಮುಳುಗಿದ್ದ 51 ಜನರಿಗೆ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಸೈಲೊಸೈಬಿನ್ ಕೊಟ್ಟರು. ಆರು ತಿಂಗಳಾದ ಮೇಲೂ ಸುಮಾರು 80% ಮಂದಿಯಲ್ಲಿ ಖಿನ್ನತೆ, ಆತಂಕ ಕಡಿಮೆಯೇ ಇತ್ತು ಅಂತ 2016ರಲ್ಲಿ ಪ್ರಕಟವಾಯಿತು. ಕ್ಯಾನ್ಸರ್ ಹೋಗಲಿಲ್ಲ. ಉಳಿದ ದಿನಗಳನ್ನು ಬದುಕಲು ಆಯಿತು.

ಬೇರೆ ಮಾತ್ರೆಗಳಿಗೆ ಬಗ್ಗದ ಖಿನ್ನತೆಗೆ ಒಂದು ದೊಡ್ಡ ಪ್ರಯೋಗ 2022ರದ್ದು, 233 ಜನ. ಮೂರು ವಾರಕ್ಕೆ 25 ಮಿಲಿಗ್ರಾಂ ಗುಂಪಿನಲ್ಲಿ 37% ಮಂದಿಗೆ ಚೆನ್ನಾಗಿ ಗುಣ ಕಂಡಿತು, ಹೆಸರಿಗಷ್ಟೇ 1 ಮಿಲಿಗ್ರಾಂ ತಗೊಂಡವರಲ್ಲಿ 18%. ಹನ್ನೆರಡು ವಾರಕ್ಕೆ ಗುಣ ಉಳಿಸಿಕೊಂಡವರು ಇನ್ನೂ ಕಡಿಮೆ. 2021ರಲ್ಲಿ 59 ಜನರಲ್ಲಿ ಸೈಲೊಸೈಬಿನ್ ಅನ್ನು ಎಸ್ಸಿಟಾಲೊಪ್ರಾಂ ಅನ್ನುವ ಮಾಮೂಲಿ ಮಾತ್ರೆಯ ಜೊತೆ ಹೋಲಿಸಿದಾಗ, ಮುಖ್ಯ ಅಳತೆಯಲ್ಲಿ ಎರಡರ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಹಾಗಾಗಿ ಭರವಸೆ ಇದೆ, ಸಂಜೀವಿನಿ ಅಲ್ಲ.

ಕುಡಿತದ ಬಗ್ಗೆ 2022ರಲ್ಲಿ 93 ಜನರ ಅಧ್ಯಯನ ಬಂತು. ಮಾತಿನ ಚಿಕಿತ್ಸೆ ಎರಡೂ ಗುಂಪಿಗೆ ಇತ್ತು. ಆಮೇಲಿನ 32 ವಾರಗಳಲ್ಲಿ ವಿಪರೀತ ಕುಡಿದ ದಿನಗಳು ಸೈಲೊಸೈಬಿನ್ ಗುಂಪಿನಲ್ಲಿ 9.7%, ಇನ್ನೊಂದರಲ್ಲಿ 23.6%. ಸಿಗರೇಟು ಬಿಡಲು ಮಾಡಿದ ಪುಟ್ಟ ಪ್ರಯೋಗದಲ್ಲಿ 15ರಲ್ಲಿ 12 ಮಂದಿ ಆರು ತಿಂಗಳಿಗೂ ಸೇದಿರಲಿಲ್ಲ. ಹೋಲಿಕೆಯ ಗುಂಪು ಇರಲಿಲ್ಲ, ಅದನ್ನೂ ನೆನಪಿಡಬೇಕು.

ಎಂಡಿಎಂಎಗೆ ಅಮೆರಿಕ ಅನುಮತಿ ಕೊಡಲಿಲ್ಲ ಯಾಕೆ?

ಆಘಾತದ ನಂತರದ ಮನೋಬಾಧೆ, ಪಿಟಿಎಸ್‌ಡಿ ಅನ್ನುತ್ತಾರಲ್ಲ, ಅದಕ್ಕೆ 2021ರಲ್ಲಿ 90 ಜನರ ಪ್ರಯೋಗ ಪ್ರಕಟವಾಗಿತ್ತು. ಎಂಡಿಎಂಎ ಜೊತೆ ಮಾತಿನ ಚಿಕಿತ್ಸೆ ಪಡೆದ 67% ಮಂದಿಗೆ ಕಾಯಿಲೆಯ ಲಕ್ಷಣ ಪಿಟಿಎಸ್‌ಡಿ ಅನ್ನುವ ಮಟ್ಟದಿಂದ ಕೆಳಗಿಳಿಯಿತು. ಪ್ಲಾಸಿಬೊ, ಅಂದರೆ ಮದ್ದಿಲ್ಲದ ಮಾತ್ರೆಯ ಜೊತೆ ಅದೇ ಚಿಕಿತ್ಸೆ ಪಡೆದವರಲ್ಲಿ 32%. ಆದರೂ 2024ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಯ ಸಲಹಾ ಸಮಿತಿಯಲ್ಲಿ, ಅಪಾಯಕ್ಕಿಂತ ಲಾಭ ಜಾಸ್ತಿ ಅಂತ ಒಪ್ಪಿದವರು ಒಬ್ಬರೇ, ಒಪ್ಪದವರು ಹತ್ತು ಮಂದಿ. ಆಗಸ್ಟ್‌ನಲ್ಲಿ ಎಫ್‌ಡಿಎ ಇನ್ನೊಂದು ಪ್ರಯೋಗ ಮಾಡಿ ಬನ್ನಿ ಅಂತ ವಾಪಸ್ ಕಳಿಸಿತು.

ಒಂದು ತೊಡಕು, ಯಾರಿಗೆ ಮದ್ದು ಸಿಕ್ಕಿದೆ ಅಂತ ರೋಗಿಗೂ ವೈದ್ಯರಿಗೂ ಗೊತ್ತಾಗಿಬಿಡುವುದು. ಸಿಕ್ಕಿತು ಅಂತ ಗೊತ್ತಾದವರಿಗೆ ಆಸೆಯೇ ಅರ್ಧ ಮದ್ದು. ಸಿಗಲಿಲ್ಲ ಅಂತ ಗೊತ್ತಾದವರು ಇನ್ನಷ್ಟು ಕುಗ್ಗುತ್ತಾರೆ. ಇದು ಸೈಲೊಸೈಬಿನ್‌ಗೂ ಇರುವ ತೊಡಕೇ. ಇನ್ನೊಂದು ಮನಸ್ಸಿಗೆ ನೋವಾಗುವ ವಿಷಯ. ಮುಂಚಿನ ಹಂತದ ಒಂದು ಪ್ರಯೋಗದಲ್ಲಿ, ಮದ್ದಿನ ಪ್ರಭಾವದಲ್ಲಿದ್ದ ರೋಗಿಯೊಬ್ಬರ ಜೊತೆ ಚಿಕಿತ್ಸಕರು ಮಿತಿ ಮೀರಿ ನಡೆದುಕೊಂಡದ್ದು ವಿಡಿಯೊದಲ್ಲೇ ಇತ್ತು. ಅಷ್ಟು ತೆರೆದ ಮನಸ್ಸಿನಲ್ಲಿ ಮಲಗಿದವರನ್ನು ಕಾಯಬೇಕಾದವರೇ ಹೀಗೆ ಮಾಡಿದರೆ? ವಾಪಸ್ ಕಳಿಸಿದ್ದು ಕಟುವಾಗಿ ಕಂಡರೂ, ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಕೆಟಮೈನ್ ಕೂಡ ಇದೇ ತಾನೇ?

ಅಲ್ಲ. ಅದು 1970ರಿಂದ ಬಳಕೆಯಲ್ಲಿರುವ ಅರಿವಳಿಕೆ, ಮಿದುಳಿನಲ್ಲಿ ಅದು ಹಿಡಿಯುವ ಬೀಗವೇ ಬೇರೆ. ಕಡಿಮೆ ಡೋಸ್‌ನಲ್ಲಿ ಖಿನ್ನತೆಯನ್ನು ಗಂಟೆಗಳಲ್ಲೇ ಇಳಿಸಬಲ್ಲದು ಅಂತ 2000ದಲ್ಲಿ ಮೊದಲ ಸಲ ತೋರಿಸಿದರು. ಅದರ ತಮ್ಮನಂಥ ಎಸ್ಕೆಟಮೈನ್ ಮೂಗಿನ ಸ್ಪ್ರೇಗೆ 2019ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಪರಿಣಾಮ ಬೇಗ ಇಳಿಯುತ್ತದೆ, ಮತ್ತೆ ಮತ್ತೆ ಕೊಡಬೇಕು. ಚಟವೂ ಆಗಬಹುದು, ಜಾಸ್ತಿ ಬಳಸಿದರೆ ಮೂತ್ರಕೋಶ ಹಾಳಾಗುತ್ತದೆ.

ಎಲ್‌ಎಸ್‌ಡಿ, ಅಣಬೆ ಚಟ ಹಿಡಿಸುತ್ತವಾ?

ಮದ್ಯ, ಅಫೀಮಿನ ಹಾಗೆ ಇಲ್ಲ. ಮರುದಿನವೇ ಮತ್ತೆ ತಗೊಂಡರೆ ಅಷ್ಟು ಕೆಲಸ ಮಾಡುವುದೂ ಇಲ್ಲ, ಮೈ ಅಷ್ಟು ಬೇಗ ಒಗ್ಗಿಬಿಡುತ್ತದೆ. ಚಟ ಇಲ್ಲ ಅಂದ ಮಾತ್ರಕ್ಕೆ ಅಪಾಯ ಇಲ್ಲ ಅಂತಲ್ಲ.

ಯಾರು ಇದರ ಹತ್ತಿರವೂ ಹೋಗಬಾರದು?

ತಮಗೆ ಅಥವಾ ಹೆತ್ತವರಿಗೆ, ಒಡಹುಟ್ಟಿದವರಿಗೆ ಸ್ಕಿಜೋಫ್ರೀನಿಯಾ ಅಥವಾ ಬೈಪೋಲಾರ್ ಕಾಯಿಲೆ ಇದ್ದವರು. ಪ್ರಯೋಗಗಳಲ್ಲಿ ಇಂಥವರನ್ನು ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ. ಯಾಕೆಂದರೆ ಕೆಲವರಲ್ಲಿ ಒಂದೇ ಸಲಕ್ಕೆ ಭ್ರಮೆ, ಉನ್ಮಾದ ಶುರುವಾಗಿ ನಿಲ್ಲದೇ ಹೋಗಬಹುದು. ಹೃದಯದ ತೊಂದರೆ, ಹತೋಟಿಗೆ ಬಾರದ ರಕ್ತದೊತ್ತಡ ಇರುವವರಿಗೂ ಬೇಡ. ಬೈಪೋಲಾರ್‌ಗೆ ಕೊಡುವ ಲಿಥಿಯಂ ಮಾತ್ರೆ ತಗೊಳ್ಳುತ್ತಿದ್ದರೆ ಫಿಟ್ಸ್ ಬಂದ ಉದಾಹರಣೆಗಳಿವೆ. ಖಿನ್ನತೆಯ ಕೆಲವು ಮಾತ್ರೆಗಳ ಜೊತೆ ಅಯಾವಾಸ್ಕಾ ಸೇರಿದರೆ ಜೀವಕ್ಕೇ ಸಂಚಕಾರ. ಇನ್ನು ಕೆಲವರಿಗೆ ತಿಂಗಳುಗಟ್ಟಲೆ ಆದ ಮೇಲೂ ಕಣ್ಣ ಮುಂದೆ ಬಣ್ಣದ ಗೆರೆ, ನೆರಳಿನ ಜಾಡು ಕಾಣುತ್ತಿರುತ್ತದೆ. 2022ರ ಖಿನ್ನತೆಯ ಪ್ರಯೋಗದಲ್ಲೂ ಕೆಲವರಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಾದದ್ದು ದಾಖಲಾಗಿದೆ. ಅವರ ಸುತ್ತ ವೈದ್ಯರಿದ್ದರು. ಬೀದಿಯಲ್ಲಿ ಕೊಂಡು ಒಬ್ಬರೇ ತಗೊಂಡವರ ಸುತ್ತ ಯಾರೂ ಇರುವುದಿಲ್ಲ. ಕೊಂಡದ್ದರಲ್ಲಿ ನಿಜಕ್ಕೂ ಏನಿದೆ ಅನ್ನುವುದೂ ಗೊತ್ತಿರುವುದಿಲ್ಲ.

ಮೈಕ್ರೋಡೋಸಿಂಗ್?

ನಶೆಯೇ ಬಾರದಷ್ಟು ಚಿಕ್ಕ ಡೋಸ್‌ ಅನ್ನು ವಾರಕ್ಕೆ ಕೆಲವು ಸಲ ತಗೊಳ್ಳುವುದು. 2021ರಲ್ಲಿ 191 ಜನರು ತಮಗೇ ಗೊತ್ತಾಗದ ಹಾಗೆ ಕವರಿನಲ್ಲಿಟ್ಟು ಪರೀಕ್ಷಿಸಿದಾಗ, ಬರೀ ಖಾಲಿ ಕ್ಯಾಪ್ಸೂಲ್ ತಗೊಂಡವರಿಗೂ ಅಷ್ಟೇ ಹಿತ ಅನಿಸಿತ್ತು.

ಎಲ್ಲಿಯಾದರೂ ಕಾನೂನಾಗಿ ಸಿಗುತ್ತದಾ?

ಹೆಚ್ಚಿನ ದೇಶಗಳಲ್ಲಿ ಇಲ್ಲ. ಇಟ್ಟುಕೊಂಡರೂ ಅಪರಾಧವೇ. 2023ರ ಜುಲೈ 1ರಿಂದ ಆಸ್ಟ್ರೇಲಿಯಾದಲ್ಲಿ ಅನುಮತಿ ಪಡೆದ ಮನೋವೈದ್ಯರು ಪಿಟಿಎಸ್‌ಡಿಗೆ ಎಂಡಿಎಂಎ, ಬಗ್ಗದ ಖಿನ್ನತೆಗೆ ಸೈಲೊಸೈಬಿನ್ ಬರೆಯಬಹುದು. ಸ್ವಿಟ್ಜರ್ಲೆಂಡಿನಲ್ಲಿ ಒಬ್ಬೊಬ್ಬ ರೋಗಿಗೆ ಬೇರೆ ಬೇರೆ ಅನುಮತಿ ತಗೊಂಡು ಕೊಡುತ್ತಾರೆ. ಅಮೆರಿಕದ ಆರಿಗನ್ ರಾಜ್ಯದಲ್ಲಿ 2020ರ ಮತದಾನದ ನಂತರ ಪರವಾನಗಿ ಪಡೆದ ಕೇಂದ್ರಗಳು ಬಂದಿವೆ, ಅವು ಆಸ್ಪತ್ರೆಗಳಲ್ಲ.

ಗೊತ್ತಿದ್ದವರೊಬ್ಬರು ತಗೊಂಡು ತುಂಬಾ ಹೆದರಿದ್ದಾರೆ. ಏನು ಮಾಡಲಿ?

ಬೈಯಬೇಡಿ. ಒಬ್ಬರನ್ನೇ ಬಿಡಬೇಡಿ. ಟಿವಿ, ಜೋರು ಬೆಳಕು ಆರಿಸಿ. ಕಿಟಕಿ, ಮಹಡಿ, ರಸ್ತೆಯಿಂದ ದೂರ ಕೂರಿಸಿ. "ನೀನು ತಗೊಂಡದ್ದರಿಂದ ಹೀಗಾಗುತ್ತಿದೆ, ಇಳಿಯುತ್ತದೆ, ನಾನು ಇಲ್ಲೇ ಇರುತ್ತೇನೆ" ಅಂತ ಮೆಲ್ಲಗೆ, ಎಷ್ಟು ಸಲ ಬೇಕಾದರೂ ಹೇಳಿ. ಮೈ ಕಾದು ಸುಡುತ್ತಿದ್ದರೆ, ಫಿಟ್ಸ್, ಎದೆನೋವು, ಪ್ರಜ್ಞೆ ತಪ್ಪುವುದು, ತನಗೋ ಬೇರೆಯವರಿಗೋ ಹಾನಿ ಮಾಡಿಕೊಳ್ಳುವ ಮಾತು ಇದ್ದರೆ ತಡ ಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಏನು ತಗೊಂಡಿದ್ದಾರೆ ಅಂತ ವೈದ್ಯರಿಗೆ ಮುಚ್ಚಿಡದೆ ಹೇಳಿ. ಒಂದು ದಿನ ಕಳೆದರೂ ಮಾತು ಸರಿ ಬರದಿದ್ದರೆ, ನಿದ್ದೆ ಬಾರದಿದ್ದರೆ ಮನೋವೈದ್ಯರಿಗೆ ತೋರಿಸಲೇಬೇಕು.

ನಾನು ಈಗಾಗಲೇ ಖಿನ್ನತೆಗೆ ಮಾತ್ರೆ ತಗೊಳ್ಳುತ್ತಿದ್ದೇನೆ. ನಿಲ್ಲಿಸಿ ಇದು ಬರುವವರೆಗೆ ಕಾಯಲಾ?

ದಯವಿಟ್ಟು ನಿಲ್ಲಿಸಬೇಡಿ. ಮಾತ್ರೆಯನ್ನು ಏಕಾಏಕಿ ಬಿಟ್ಟರೆ ತಲೆಸುತ್ತು, ನಿದ್ದೆಗೇಡು ಬರಬಹುದು, ಇಳಿದಿದ್ದ ಖಿನ್ನತೆ ವಾಪಸ್ ಬರಬಹುದು. ಪ್ರಯೋಗಗಳಲ್ಲೂ ಮಾತ್ರೆ ಬಿಡಿಸುವಾಗ ವೈದ್ಯರ ಕಣ್ಣಮುಂದೆ, ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಈಗಿನ ಮಾತ್ರೆ ಸಾಕಾಗುತ್ತಿಲ್ಲ ಅನಿಸಿದರೆ ಅದನ್ನೇ ನಿಮ್ಮ ವೈದ್ಯರಿಗೆ ಬಿಡಿಸಿ ಹೇಳಿ. ಮಾತ್ರೆ ಬದಲಿಸಬಹುದು, ಡೋಸ್ ಬದಲಿಸಬಹುದು, ಮಾತಿನ ಚಿಕಿತ್ಸೆ ಸೇರಿಸಬಹುದು. ಸಾಯಬೇಕು ಅನ್ನುವ ಯೋಚನೆ ಬರುತ್ತಿದ್ದರೆ ಮುಂದಿನ ಭೇಟಿಗೆ ಕಾಯಬೇಡಿ, ಇವತ್ತೇ ಹೋಗಿ. ಒಬ್ಬರೇ ಹೋಗಲು ಆಗದಿದ್ದರೆ ನಿಮ್ಮ ಜೊತೆ ಬಂದು ಕೂರುವ ಒಬ್ಬರನ್ನು ಕರೆದುಕೊಂಡು ಹೋಗಿ.